ಎಲ್‌ಎಸ್1 ಕ್ಯಾಮ್ ಕಿಟ್: ಸ್ಪ್ರಿಂಗ್ ಅದ್ಭುತ, ಶಿಮ್ ಮಾತ್ರ ಬೇರೆ ತರಿಸಿಕೊಳ್ಳಿ

ಎಂಜಿನ್‌ನ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಬದಲಿಸುತ್ತೇನೆ ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಐಡ್ಲಿಂಗ್ ಸದ್ದು ಹೇಗೆ ಬರುತ್ತೆ ಅಂತ. ನಾನು ಈ ಕಿಟ್ ಆರಿಸಿದ್ದು ಸದ್ದಿಗಲ್ಲ, ಜೊತೆಗೆ ಬರುವ ಸ್ಪ್ರಿಂಗ್‌ಗೆ. ಕ್ಯಾಮ್ ವಾಲ್ವನ್ನು ತೆರೆಯುತ್ತೆ ಅಷ್ಟೇ. ಮುಚ್ಚುವ ಕೆಲಸ ಪೂರ್ತಿ ಸ್ಪ್ರಿಂಗ್‌ದು. ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಅಷ್ಟು ವೇಗದಲ್ಲಿ ಸ್ಪ್ರಿಂಗ್ ಸೋತರೆ ಲಿಫ್ಟರ್ (ಕ್ಯಾಮ್ ಮೇಲೆ ಕೂತು ಅದರ ಚಲನೆಯನ್ನು ವಾಲ್ವ್ ಕಡೆಗೆ ಸಾಗಿಸುವ ತುಂಡು) ಲೋಬ್ ಅಂದರೆ ಕ್ಯಾಮ್‌ನ ಉಬ್ಬನ್ನು ಬಿಟ್ಟು ಮೇಲೆ ಹಾರುತ್ತೆ, ವಾಲ್ವ್ ಸೀಟಿನ ಮೇಲೆ ಕುಪ್ಪಳಿಸುತ್ತೆ, ಕೈಕೊಟ್ಟ ದಿನ ಪಿಸ್ಟನ್‌ಗೇ ಬಡಿಯುತ್ತೆ.

ಗಾಡಿಯಲ್ಲಿರುವುದು ಜನರಲ್ ಮೋಟರ್ಸ್‌ನ 5.7 ಲೀಟರ್ ಎಲ್‌ಎಸ್1 ಎಂಜಿನ್, 1997ರ ಕಾರ್ವೆಟ್‌ನಲ್ಲಿ ಮೊದಲು ಬಂದ ಅದೇ ಪುಶ್‌ರಾಡ್ (ಲಿಫ್ಟರ್‌ನ ಚಲನೆಯನ್ನು ಮೇಲಿನ ವಾಲ್ವ್ ಕಡೆಗೆ ತಳ್ಳುವ ಕಡ್ಡಿ) ವಿ8. ಕಿಟ್‌ನ ಹೈಡ್ರಾಲಿಕ್ ರೋಲರ್ ಕ್ಯಾಮ್‌ನ ಅಳತೆ (ಇನ್‌ಟೇಕ್/ಎಕ್ಸಾಸ್ಟ್): ಲಿಫ್ಟರ್ 0.050 ಇಂಚು ಎದ್ದಿರುವ ಅವಧಿ 224/228 ಡಿಗ್ರಿ, ವಾಲ್ವ್ ತೆರೆಯುವ ಎತ್ತರ ಅಂದರೆ ಲಿಫ್ಟ್ 0.581/0.588 ಇಂಚು, ಎರಡು ಲೋಬ್‌ಗಳ ತುದಿಗಳ ನಡುವಿನ ಕೋನ ಅಂದರೆ ಲೋಬ್ ಸೆಪರೇಷನ್ 112 ಡಿಗ್ರಿ. ಕಂಪನಿ ಕ್ಯಾಮ್‌ನ ಲಿಫ್ಟ್ ಹೆಚ್ಚೆಂದರೆ ಅರ್ಧ ಇಂಚಿನ ಆಸುಪಾಸು. ಅದಕ್ಕೆಂದು ಮಾಡಿದ ಒಂಟಿ ಸ್ಪ್ರಿಂಗನ್ನೇ ಉಳಿಸಿಕೊಂಡು ಇಂಥ ಕ್ಯಾಮ್ ಹಾಕುವವರನ್ನು ಕಂಡರೆ ನಿಜವಾಗಿಯೂ ಸಂಕಟವಾಗುತ್ತೆ. ಡ್ಯುಯಲ್ ಸ್ಪ್ರಿಂಗ್ (ಒಂದರೊಳಗೊಂದು ಕೂರುವ ಎರಡು ಸ್ಪ್ರಿಂಗ್) ಜೊತೆಗೆ ರಿಟೇನರ್ (ಸ್ಪ್ರಿಂಗ್ ಮೇಲಿನ ಬಿಲ್ಲೆ), ಲಾಕ್ (ಆ ಬಿಲ್ಲೆಯನ್ನು ವಾಲ್ವ್‌ಗೆ ಸಿಕ್ಕಿಸುವ ಪುಟ್ಟ ತುಂಡು), ಸೀಲ್, ಕೆಳಗಿನ ಸೀಟ್, 7.400 ಇಂಚಿನ ಪುಶ್‌ರಾಡ್ ಎಲ್ಲವೂ ಡಬ್ಬದಲ್ಲಿದ್ದವು.

ಮುಂಭಾಗ ಬಿಚ್ಚುವ ಕೆಲಸದಲ್ಲಿ ಹೊಸದೇನಿಲ್ಲ: ರೇಡಿಯೇಟರ್, ವಾಟರ್ ಪಂಪ್, ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್. ಈ ಎಂಜಿನ್‌ನ ದೊಡ್ಡ ಉಪಕಾರವೆಂದರೆ ಸಿಲಿಂಡರ್ ಹೆಡ್ ಇಳಿಸಬೇಕಾಗಿಲ್ಲ. ರಾಕರ್ (ವಾಲ್ವನ್ನು ಒತ್ತುವ ಸನ್ನೆ), ಪುಶ್‌ರಾಡ್ ತೆಗೆದು ಕ್ಯಾಮನ್ನು ಒಂದೆರಡು ಸುತ್ತು ತಿರುಗಿಸಿದರೆ ಲಿಫ್ಟರ್‌ಗಳು ಮೇಲಕ್ಕೆ ಹೋಗಿ ಪ್ಲಾಸ್ಟಿಕ್ ಟ್ರೇಗಳಲ್ಲೇ ಕಚ್ಚಿಕೊಂಡು ನಿಲ್ಲುತ್ತವೆ. ಹಳೆಯ ಎಂಜಿನ್ ಆಗಿದ್ದರೆ ಆ ಟ್ರೇಗಳನ್ನು ಪೂರ್ತಿ ನಂಬಬೇಡಿ, ಲಿಫ್ಟರ್ ಕೆಳಗೆ ಉದ್ದನೆಯ ರಾಡ್ ತೂರಿಸಿ ಆಸರೆ ಕೊಡಿ. ಒಂದು ಲಿಫ್ಟರ್ ಜಾರಿದರೂ ಹೆಡ್ ಇಳಿಸುವುದು ತಪ್ಪುವುದಿಲ್ಲ. ಕ್ಯಾಮ್ ಎಳೆಯುವಾಗ ಅದರ ಮೂತಿಗೆ ಮೂರು ಉದ್ದನೆಯ ಬೋಲ್ಟ್ ಹಾಕಿದರೆ ಒಳ್ಳೆಯ ಹಿಡಿಕೆಯಾಗುತ್ತೆ. ನಿಧಾನವಾಗಿ ತಿರುಗಿಸುತ್ತಾ ಎಳೆಯಿರಿ, ಲೋಬ್‌ನ ಅಂಚು ಬೇರಿಂಗ್‌ಗೆ ಗೀರಬಾರದು.

ಸ್ಪ್ರಿಂಗ್ ಬದಲಿಸುವಾಗ ಒಂದೊಂದೇ ಸಿಲಿಂಡರ್ ಹಿಡಿದು, ಪಿಸ್ಟನ್ ಮೇಲಕ್ಕೆ ತಂದು, ಪ್ಲಗ್ ತೂತಿನಿಂದ ಗಾಳಿ ತುಂಬಿದೆ. ವಾಲ್ವ್ ಒಳಗೆ ಬೀಳದೆ ನಿಂತಿತು. ಸ್ಪ್ರಿಂಗ್ ಕಂಪ್ರೆಸರ್ ಒತ್ತುವ ಮೊದಲು ರಿಟೇನರ್ ತಲೆಗೆ ಸಾಕೆಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಂಟಿಕೊಂಡ ಲಾಕ್ ಸಡಿಲವಾಗುತ್ತೆ. ಹಳೆಯ ಲಾಕ್ ತೆಗೆಯೋಕೆ ಮ್ಯಾಗ್ನೆಟ್, ಹೊಸದನ್ನು ಕೂರಿಸೋಕೆ ಚಿಟಿಕೆ ಗ್ರೀಸ್. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಎರಡು ತುಂಡುಗಳೇ ಇಡೀ ವಾಲ್ವನ್ನು ಹಿಡಿದಿಡುವುದು. ಈ ಕಿಟ್‌ನ ಲಾಕ್‌ಗಳು ತೋಡಿನಲ್ಲಿ ಟಕ್ ಅಂತ ಕೂತವು, ಒಂದೂ ಸೊಟ್ಟಗಿರಲಿಲ್ಲ.

ಇನ್ನು ನನ್ನ ತಕರಾರು. ಕಿಟ್‌ನ ಅಳತೆ ಕಾರ್ಡಿನಲ್ಲಿ ಇನ್‌ಸ್ಟಾಲ್ಡ್ ಹೈಟ್ (ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗ್‌ನ ಎತ್ತರ) 1.800 ಇಂಚು ಅಂತ ಬರೆದಿದೆ. ಮೈಕ್ರೋಮೀಟರ್ ಹಾಕಿ ಅಳೆದರೆ ಕೆಲವು ವಾಲ್ವ್‌ಗಳಲ್ಲಿ 1.815ರವರೆಗೂ ಬಂತು. ವಾಲ್ವ್ ಜಾಬ್ (ವಾಲ್ವ್, ಸೀಟುಗಳನ್ನು ಉಜ್ಜಿ ಸರಿಮಾಡುವುದು) ಆದ ಹೆಡ್‌ನಲ್ಲಿ ಇದು ಸಹಜ. ಸ್ಪ್ರಿಂಗ್ ಕೆಳಗೆ ಶಿಮ್ (ತೆಳು ಬಿಲ್ಲೆ) ಇಟ್ಟು ಸರಿಮಾಡಬೇಕು. ಆದರೆ ಡಬ್ಬದಲ್ಲಿ ಒಂದೇ ಒಂದು ಶಿಮ್ ಇಲ್ಲ, ಸೂಚನೆಯ ಹಾಳೆಯಲ್ಲಿ ಅಳೆಯಿರಿ ಅನ್ನುವ ಮಾತೂ ಇಲ್ಲ. ಹೈಟ್ ಹೆಚ್ಚಾದಷ್ಟೂ ಸೀಟಿನ ಮೇಲಿನ ಒತ್ತಡ ಇಳಿಯುತ್ತೆ, ಅಂದರೆ ದುಡ್ಡು ಕೊಟ್ಟು ತಂದ ಸ್ಪ್ರಿಂಗ್‌ನ ಬಲವನ್ನೇ ಕಳೆದುಕೊಂಡ ಹಾಗೆ. ಹೊಸಬರು ಈ ಹಾಳೆ ನಂಬಿ ನೇರವಾಗಿ ಜೋಡಿಸಿಬಿಡುತ್ತಾರೆ ಅನ್ನುವುದೇ ನನ್ನ ಚಿಂತೆ.

ಸ್ಪ್ರಿಂಗ್ ಬಗ್ಗೆ ಮಾತ್ರ ಎರಡು ಮಾತಿಲ್ಲ. ಕಾಯಿಲ್ ಬೈಂಡ್ (ಸ್ಪ್ರಿಂಗ್ ಪೂರ್ತಿ ಒತ್ತಿದಾಗಿನ ಎತ್ತರ) 1.080 ಇಂಚು ಅಂತ ಕಾರ್ಡ್ ಹೇಳುತ್ತೆ, ವೈಸ್‌ನಲ್ಲಿ ಒತ್ತಿ ಅಳೆದರೂ ಅಷ್ಟೇ ಬಂತು. 1.800ರಿಂದ 0.588 ಲಿಫ್ಟ್ ಕಳೆದರೂ ಕಾಯಿಲ್‌ಗಳು ಒಂದಕ್ಕೊಂದು ತಾಗೋಕೆ ಇನ್ನೂ 0.132 ಇಂಚು ಉಳಿಯುತ್ತೆ. 0.060 ಇದ್ದರೆ ಸಾಕು ಅನ್ನುವ ಕಡೆ ಇದು ಉದಾರವಾದ ಅಂತರ. ಒಳಗಿನ ಸ್ಪ್ರಿಂಗ್ ಹೊರಗಿನದಕ್ಕೆ ಉಜ್ಜಿಕೊಂಡೇ ಕೂರುತ್ತೆ. ಆ ಉಜ್ಜಾಟ ಕಂಪನವನ್ನು ತಗ್ಗಿಸುತ್ತೆ. ಹೊರಗಿನದು ಮುರಿದರೂ ವಾಲ್ವ್ ಸಿಲಿಂಡರ್ ಒಳಗೆ ಬೀಳದಂತೆ ಒಳಗಿನದು ಹಿಡಿದುಕೊಳ್ಳುವ ಸಾಧ್ಯತೆ ಇರುತ್ತೆ. ಅದಕ್ಕೇ ಡ್ಯುಯಲ್ ಸ್ಪ್ರಿಂಗ್ ನನಗೆ ಇಷ್ಟ.

ಡಿಗ್ರಿ ವೀಲ್ (ಕ್ರ್ಯಾಂಕ್ ತಿರುಗಿದ ಕೋನ ಅಳೆಯುವ ಚಕ್ರ) ಕಟ್ಟಿ ನೋಡದೆ ಕವರ್ ಮುಚ್ಚುವ ಅಭ್ಯಾಸ ನನಗಿಲ್ಲ. ಕಾರ್ಡಿನಲ್ಲಿ ಇನ್‌ಟೇಕ್ ಸೆಂಟರ್‌ಲೈನ್ (ಇನ್‌ಟೇಕ್ ಲೋಬ್‌ನ ತುದಿ ಬರುವ ಕೋನ) 110, ಚಕ್ರದಲ್ಲಿ ಬಂದದ್ದು 109.5. ಸಂತೋಷವಾಯಿತು. ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರ ನೋಡುವಾಗ ತೆಳು ಚೆಕಿಂಗ್ ಸ್ಪ್ರಿಂಗ್ ಹಾಕಿ. ಗಟ್ಟಿ ಸ್ಪ್ರಿಂಗ್ ಇದ್ದರೆ ಹೈಡ್ರಾಲಿಕ್ ಲಿಫ್ಟರ್ ಕುಸಿದು ಇರುವುದಕ್ಕಿಂತ ಹೆಚ್ಚು ಅಂತರ ತೋರಿಸುತ್ತೆ. ಇನ್‌ಟೇಕ್‌ಗೆ 0.080, ಎಕ್ಸಾಸ್ಟ್‌ಗೆ 0.100 ಇಂಚಾದರೂ ಇರಬೇಕು. ನನ್ನಲ್ಲಿ ಎರಡೂ ಆರಾಮವಾಗಿ ದಾಟಿದವು. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಒಮ್ಮೆ ಹಿಗ್ಗಿದರೆ ಮುಗಿಯಿತು, ಹೊಸದೇ ಬೇಕು. ಹಳೆಯದರಿಂದ ಪುಲ್ಲಿ ಕೂರಿಸಿ, ಹೊಸದನ್ನು 37 ಪೌಂಡ್-ಅಡಿಗೆ ಬಿಗಿದು ಮತ್ತೆ 140 ಡಿಗ್ರಿ ತಿರುಗಿಸಬೇಕು. ಅದೂ ಕಿಟ್‌ನಲ್ಲಿಲ್ಲ.

ರೋಲರ್ (ಲಿಫ್ಟರ್ ತಳದಲ್ಲಿ ಉರುಳುವ ಗಾಲಿ) ಇರುವುದರಿಂದ ಹಳೆಯ ಫ್ಲಾಟ್ ಟ್ಯಾಪೆಟ್ (ಚಪ್ಪಟೆ ತಳದ ಲಿಫ್ಟರ್) ಕ್ಯಾಮ್‌ನಂತೆ ಮೊದಲ ಸ್ಟಾರ್ಟ್‌ನಲ್ಲೇ ಆರ್‌ಪಿಎಂ ಏರಿಸಿಟ್ಟು ಹೊಂದಿಸುವ ಗೋಜಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾತ್ರ ಬೇಕೇ ಬೇಕು. 0.050ರಲ್ಲಿ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರುವ ಅವಧಿ) ಬರೀ 2 ಡಿಗ್ರಿ, ಆದರೂ ಕಂಪನಿ ಕ್ಯಾಮ್‌ಗೆ ಹೋಲಿಸಿದರೆ ಬಹಳ ಹೆಚ್ಚು. ವ್ಯಾಕ್ಯೂಮ್ ಇಳಿಯುತ್ತೆ, ಐಡ್ಲಿಂಗ್ ಸ್ವಲ್ಪ ಏರಿಸಬೇಕಾಗುತ್ತೆ. ಟ್ಯೂನ್ ಆದಮೇಲೆ 2500ರ ಕೆಳಗೆ ಎಳೆತ ಕೊಂಚ ಸಪ್ಪೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. 4000 ದಾಟಿದ ಮೇಲೆ ಗಾಡಿ ಮುನ್ನುಗ್ಗುವ ರೀತಿಯೇ ಬೇರೆ. ಮೊದಲು 6000ದ ಹೊತ್ತಿಗೆ ಸುಸ್ತಾಗುತ್ತಿದ್ದ ಎಂಜಿನ್ ಈಗ 6500ರವರೆಗೂ ಚೊಕ್ಕವಾಗಿ ಹೋಗುತ್ತೆ, ವಾಲ್ವ್ ತೇಲುವ (ಸ್ಪ್ರಿಂಗ್ ಸೋತು ಸರಿಯಾಗಿ ಮುಚ್ಚದಿರುವ) ಸುಳಿವೇ ಇಲ್ಲ.

ಮ್ಯಾನುಯಲ್ ಗೇರ್ ಇದ್ದವರು ಧೈರ್ಯವಾಗಿ ತೆಗೆದುಕೊಳ್ಳಿ. ಆಟೋಮ್ಯಾಟಿಕ್ ಇದ್ದರೆ ಹೆಚ್ಚು ಸ್ಟಾಲ್ ಇರುವ (ಹೆಚ್ಚು ಆರ್‌ಪಿಎಂನಲ್ಲಿ ಹಿಡಿಯುವ) ಟಾರ್ಕ್ ಕನ್ವರ್ಟರ್‌ಗೂ ಹಣ ಎತ್ತಿಡಿ, ಇಲ್ಲವಾದರೆ ಸಿಗ್ನಲ್‌ನಿಂದ ಹೊರಡುವಾಗೆಲ್ಲ ಬೇಸರವಾಗುತ್ತೆ. ಆರ್ಡರ್ ಮಾಡುವಾಗಲೇ ಶಿಮ್ ಸೆಟ್, ಕ್ರ್ಯಾಂಕ್ ಬೋಲ್ಟ್, ಎಂಜಿನ್ ಮುಂಭಾಗದ ಆಯಿಲ್ ಸೀಲ್ ಸೇರಿಸಿಬಿಡಿ.