ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು: ಖಂಡಿತ ಹೋಗಿ, ಆದರೆ ಪುಟ ಎಣಿಸಿ ಕೊಳ್ಳಿ

ಬೆಂಗಳೂರಲ್ಲಿ ಹಳೇ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಈಗ ಎಲ್ಲರೂ ಚರ್ಚ್ ಸ್ಟ್ರೀಟ್ ಕಡೆ ಕೈ ತೋರಿಸುತ್ತಾರೆ. ತಪ್ಪೇನಿಲ್ಲ. ಬ್ಲಾಸಮ್, ಬುಕ್‌ವರ್ಮ್ ಎರಡೂ ನನಗಿಷ್ಟ. ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಅಂತೂ 1945ರಲ್ಲಿ ಶುರುವಾದ ಅಂಗಡಿ. ಇಂಗ್ಲಿಷ್ ಕ್ಲಾಸಿಕ್ ಬೇಕಿದ್ದರೆ ಅಲ್ಲಿಗೇ ಹೋಗಿ. ಆದರೆ ನಮ್ಮ ಹಳೇ ಕನ್ನಡ ಕಾವ್ಯಗಳ ಹಳೇ ಮುದ್ರಣ ಬೇಕು ಅನ್ನಿಸಿದಾಗ ನಾನು ಚೀಲ ಹೆಗಲಿಗೇರಿಸಿಕೊಂಡು ಹೊರಡುವುದು ಅವೆನ್ಯೂ ರಸ್ತೆಗೆ.

ಗಾಡಿ ತರಬೇಡಿ, ನಿಲ್ಲಿಸೋಕೆ ಜಾಗ ಸಿಗಲ್ಲ. ಮೆಟ್ರೋದಲ್ಲಿ ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಮೈಸೂರು ಬ್ಯಾಂಕ್ ಸರ್ಕಲ್‌ವರೆಗೆ ನಡೆದುಬಿಡಿ. ಅಲ್ಲಿಂದ ಮಾರ್ಕೆಟ್ ಕಡೆ ಹೋಗುವ ಇಕ್ಕಟ್ಟಾದ ರಸ್ತೆಯೇ ಇದು. ಹಿಂದೆ ದೊಡ್ಡಪೇಟೆ ಅಂತಿದ್ದರು. ಮೊದಲು ಕಣ್ಣಿಗೆ ಬೀಳುವುದು ಬರೀ ಪಿಯುಸಿ, ಇಂಜಿನಿಯರಿಂಗ್, ಕೆಎಎಸ್ ಗೈಡುಗಳು. ಅದನ್ನು ನೋಡಿ ವಾಪಸ್ ಹೋಗಬೇಡಿ. ವ್ಯಾಪಾರ ನಡೆಯುವುದೇ ಅವುಗಳಿಂದ, ಹಾಗಾಗಿ ಅವು ಮುಂದೆ ಇರುತ್ತವೆ. ಸಾಹಿತ್ಯ ಹಿಂದೆ ಇರುತ್ತೆ, ಇಲ್ಲವೇ ಕೆಳಗಿನ ರಾಶಿಯಲ್ಲಿ. "ಅಣ್ಣಾ, ಕನ್ನಡ ಹಳೇ ಕಾವ್ಯ ಏನಾದ್ರೂ ಇದೆಯಾ?" ಅಂತ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಸ್ಟೂಲ್ ಹಾಕಿಕೊಟ್ಟು "ನೋಡಿ ಸಾರ್, ನಿಧಾನಕ್ಕೆ" ಅನ್ನುವವರು ಇಲ್ಲಿ ಈಗಲೂ ಇದ್ದಾರೆ.

ಇದೇ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಅದು ಬೆಂಜಮಿನ್ ರೈಸ್ ಎಂಬ ಪಾದ್ರಿಯ ನೆನಪಿಗೆ. ಅವರ ಮಗನೇ ಶಾಸನಗಳನ್ನು ಹುಡುಕಿ ಪ್ರಕಟಿಸಿದ ಬಿ.ಎಲ್. ರೈಸ್. ಪಂಪಭಾರತವನ್ನು 1898ರಲ್ಲಿ ಅಚ್ಚು ಹಾಕಿಸಿದವರು ಅವರೇ. ಅಪ್ಪನ ಹೆಸರಿನ ಚರ್ಚಿರುವ ಬೀದಿಯಲ್ಲೇ ನಾನು ಪಂಪನನ್ನೂ ಕುಮಾರವ್ಯಾಸನನ್ನೂ ಹುಡುಕುತ್ತಾ ಕೂತಿರುತ್ತೀನಲ್ಲ ಅಂತ ಪ್ರತಿ ಸಲವೂ ಖುಷಿಯಾಗುತ್ತೆ.

ಈಗ ನನಗೆ ಸಿಕ್ಕಿದ್ದರ ವಿಷಯ. ಹೋದ ಸಲ ಗೈಡುಗಳ ಕಟ್ಟಿನ ಕೆಳಗೆ ಒಂದು ದಪ್ಪ ಪುಸ್ತಕ ಇತ್ತು. ಬೆನ್ನಿನ ಬಟ್ಟೆ ಕಿತ್ತುಹೋಗಿತ್ತು, ರಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ತೆಗೆದು ನೋಡಿದರೆ ಕುಮಾರವ್ಯಾಸ ಭಾರತ! ಕುವೆಂಪು ಮತ್ತು ಮಾಸ್ತಿ ಸೇರಿ ಸಂಪಾದಿಸಿದ್ದು, ಮೈಸೂರು ಸರ್ಕಾರ 1958ರಲ್ಲಿ ಹೊರತಂದದ್ದು. ಕುವೆಂಪು 'ತೋರಣನಾಂದಿ' ಅಂತ ಮುನ್ನುಡಿ ಬರೆದದ್ದು ಇದಕ್ಕೇ. ನಾನೂರು ರೂಪಾಯಿ ಹೇಳಿದರು. ನಾನು ಇನ್ನೂರು ಅಂದೆ. ಇನ್ನೂರೈವತ್ತಕ್ಕೆ ಮುಗಿಯಿತು. ಮನಸ್ಸಿನಲ್ಲಿ ನಾನೂರೂ ಕೊಡೋಕೆ ತಯಾರಿದ್ದೆ.

ಮನೆಗೆ ಬಂದು ಒರೆಸಿ ಬಿಡಿಸಿದೆ. ಪುಟದ ಅಂಚಿನ ತುಂಬ ಪೆನ್ಸಿಲ್ ಗುರುತು. ಮೊದಲಿಗೆ ಬೇಜಾರಾಯಿತು, ಯಾರೋ ಗೀಚಿದ್ದಾರೆ ಅಂತ. ಆಮೇಲೆ ದೀಪದ ಕೆಳಗೆ ಹಿಡಿದು ನೋಡಿದರೆ ಸಣ್ಣ ಅಕ್ಷರದಲ್ಲಿ ರಾಗದ ಹೆಸರುಗಳು. ನಾಂದಿ ಪದ್ಯದ ಪಕ್ಕ 'ನಾಟ'. ಇನ್ನೊಂದು ಕಡೆ 'ಮೋಹನ'. ಸಭಾಪರ್ವದಲ್ಲಿ ದ್ರೌಪದಿ ಮೊರೆಯಿಡುವಲ್ಲಿ ಒಂದು ರಾಗ ಬರೆದು, ಹೊಡೆದುಹಾಕಿ, ಕೆಳಗೆ ಇನ್ನೊಂದು ಬರೆದಿದ್ದಾರೆ. ಕೆಲವು ಸಾಲುಗಳಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆಗೆ ತೆಳ್ಳಗೆ ಗೆರೆ ಎಳೆದು ಭಾಮಿನಿ ಷಟ್ಪದಿಯ ನಡೆಯನ್ನು ಬಿಡಿಸಿಟ್ಟಿದ್ದಾರೆ. ಇದನ್ನು ಇಟ್ಟುಕೊಂಡಿದ್ದವರು ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವುದು, ಮಾಡುತ್ತಿದ್ದವರೇ ಇರಬೇಕು. ಪುಸ್ತಕದಲ್ಲಿ ಹೆಸರಿಲ್ಲ, ಊರಿಲ್ಲ. ಪೆನ್ಸಿಲ್ ಗುರುತು ಮಾತ್ರ.

ಹತ್ತು ಪರ್ವಗಳಲ್ಲಿ ಜಾಸ್ತಿ ಸವೆದದ್ದು ವಿರಾಟಪರ್ವ. ಪುಟದ ಕೆಳಮೂಲೆ ಬೆರಳು ತಾಗಿ ತಾಗಿ ಕಪ್ಪಾಗಿ, ಬಟ್ಟೆಯಷ್ಟು ಮೆತ್ತಗಾಗಿದೆ. ಮಳೆ ಬರದಿದ್ದರೆ ಊರುಗಳಲ್ಲಿ ವಿರಾಟಪರ್ವ ಓದಿಸುವುದು ನಿಮಗೆ ಗೊತ್ತಿರುತ್ತೆ ಅಲ್ವಾ? ಎಷ್ಟು ಬೇಸಿಗೆಗಳಲ್ಲಿ, ಎಷ್ಟು ಜನರ ಮುಂದೆ ಈ ಪುಟಗಳನ್ನು ತಿರುವಿರಬಹುದು ಅಂತ ಯೋಚಿಸುತ್ತಾ ನಾನು ಅವತ್ತು ರಾತ್ರಿ ಊಟಕ್ಕೂ ಎದ್ದಿರಲಿಲ್ಲ.

ಕಾಲೇಜಿನಲ್ಲಿ ಕುಮಾರವ್ಯಾಸನನ್ನು ಓದಿದ್ದೆ, ಪರೀಕ್ಷೆಗೆ. ಕಣ್ಣಲ್ಲಿ ಓದಿದ್ದು. ಇಂಟರ್‌ನೆಟ್ಟಿನಲ್ಲೂ ಇಡೀ ಕಾವ್ಯ ಇದೆ, ಫೋನಿನಲ್ಲಿ ಹುಡುಕಿ ಓದಿದ್ದೀನಿ. ಆದರೆ ಇದನ್ನು ಬಾಯಿಬಿಟ್ಟು ಓದಬೇಕು ಅಂತ ನನಗೆ ಕಲಿಸಿದ್ದು ಈ ಪ್ರತಿ. ಗೆರೆ ಇರುವಲ್ಲಿ ಉಸಿರು ತಗೊಂಡು ಓದಿದರೆ, ನಿಘಂಟು ಬೇಕು ಅನ್ನಿಸುತ್ತಿದ್ದ ಪದ್ಯ ತಾನಾಗಿ ಬಿಚ್ಚಿಕೊಳ್ಳುತ್ತೆ. ಹೊಸ ಪ್ರತಿಯಲ್ಲಿ ಇದೇ ಪದ್ಯಗಳಿವೆ, ಈ ಪಾಠ ಇಲ್ಲ.

ಇನ್ನು ತೊಂದರೆಗಳು. ಇವನ್ನೂ ಹೇಳಲೇಬೇಕು. ಇಲ್ಲೇ ಒಂದು ಕಡೆ (ಹೆಸರು ಬೇಡ) ಹಳೇ ಕಾದಂಬರಿಯೊಂದನ್ನು ಆತುರದಲ್ಲಿ ಕೊಂಡು ತಂದೆ. ಕಥೆ ಬಿಗಿಯಾಗುವ ಹೊತ್ತಿಗೆ 112ನೇ ಪುಟದಿಂದ ನೇರ 129ಕ್ಕೆ ಹಾರಿತು. ಒಂದು ಇಡೀ ಫಾರಂ, ಅಂದರೆ 16 ಪುಟ, ಬೈಂಡಿಂಗ್‌ನಲ್ಲೇ ಬಿಟ್ಟುಹೋಗಿತ್ತು. ವಾಪಸ್ ತಗೊಳ್ಳಲಿಲ್ಲ. ಆಗಿನಿಂದ ನಾನು ಅಂಗಡಿಯಲ್ಲೇ ನಿಂತು 16, 32, 48 ಹೀಗೆ ಪುಟಸಂಖ್ಯೆ ನೋಡಿಕೊಳ್ಳುತ್ತೀನಿ. ಎರಡು ನಿಮಿಷದ ಕೆಲಸ, ನೀವೂ ಮಾಡಿ. ಫಳಫಳ ಹೊಳೆಯುವ, ಮಸಿ ಮಸಿ ಅಚ್ಚಿನ ನಕಲಿ ಪುಸ್ತಕಗಳನ್ನು ಮುಟ್ಟಬೇಡಿ. ಅದರಲ್ಲಿ ಬರೆದವರಿಗೆ ಒಂದು ಪೈಸೆಯೂ ಹೋಗಲ್ಲ. ಪುಟದ ನಡುವೆ ಸಣ್ಣ ತೂತು, ಪುಡಿ ಕಂಡರೆ ಹುಳ ಇದೆ ಅಂತಲೇ ತಿಳಿಯಿರಿ. ತೀರಾ ಬೇಕೇಬೇಕಾದ ಪುಸ್ತಕವಾದರೆ ತಗೊಳ್ಳಿ, ಆದರೆ ಬೇರೆ ಪುಸ್ತಕಗಳ ಜೊತೆ ಸೇರಿಸಬೇಡಿ. ನಾನು ನೆರಳಲ್ಲಿ ಗಾಳಿಗೆ ಹರಡಿಟ್ಟು, ಒಣ ಬೇವಿನೆಲೆ ಮತ್ತು ಬಜೆ ಬೇರಿನ ಜೊತೆ ಕೆಲವು ವಾರ ಬೇರೆ ಪೆಟ್ಟಿಗೆಯಲ್ಲಿ ಇಡುತ್ತೀನಿ. ಧೂಳು ಆಗದವರು ಮಾಸ್ಕ್ ಹಾಕಿಕೊಳ್ಳಿ.

ಬೆಲೆ ಬಗ್ಗೆ ಒಂದೇ ಮಾತು. ಚೌಕಾಸಿ ಮಾಡಿ, ಆದರೆ ರದ್ದಿಗೆ ಹೋಗಿ ನೀರಲ್ಲಿ ಕರಗಬೇಕಿದ್ದ ಪುಸ್ತಕವನ್ನು ಆರಿಸಿ ತೆಗೆದಿಟ್ಟವರ ಹತ್ತಿರ ಹತ್ತು ಇಪ್ಪತ್ತು ರೂಪಾಯಿಗೆ ಜಗಳ ಬೇಡ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೀನಿ. ಕಾಣೆಯಾದ ಆ 16 ಪುಟಕ್ಕೆ ಒಂದು ಕಡಿಮೆ.

ಮೊನ್ನೆ ಭಾನುವಾರ ಅಮ್ಮನ ಮುಂದೆ ವಿರಾಟಪರ್ವ ಓದುತ್ತಿದ್ದೆ. ಉತ್ತರಕುಮಾರ ಹೆಂಗಸರ ಮುಂದೆ ಕೂತು ಕೌರವರನ್ನೆಲ್ಲ ಒಬ್ಬನೇ ಗೆಲ್ಲುತ್ತೀನಿ ಅಂತ ಕೊಚ್ಚಿಕೊಳ್ಳುವ ಜಾಗ ಬಂತು. ಅಮ್ಮ ನಗುತ್ತಾ ಸೆರಗಲ್ಲಿ ಕಣ್ಣೊರೆಸಿಕೊಂಡರು. ಆಗ ಅಂಚಿನ ಪೆನ್ಸಿಲ್ ಬರಹ ನೋಡಿದೆ: 'ಇಲ್ಲಿ ನಿಲ್ಲಿಸು. ನಗಲು ಬಿಡು.'