ಮೂರು ವರ್ಷ, 63 ರಾತ್ರಿ: ನಮ್ಮ ಆರ್‌ವಿಯ ಪೂರ್ತಿ ಲೆಕ್ಕ

ಆರ್‌ವಿ (ಹಾಸಿಗೆ, ಒಲೆ, ಪಾಯಿಖಾನೆ ಎಲ್ಲ ಇರುವ ಓಡಾಡುವ ಮನೆ) ಅಂದ ಕೂಡಲೇ ಎಲ್ಲರೂ ಕೇಳುವುದು "ಮೈಲೇಜ್ ಎಷ್ಟು ಕೊಡುತ್ತೆ?" ಅಂತ. ಮೂರು ವರ್ಷ ನಾನೂ ಪೆಟ್ರೋಲನ್ನೇ ಬೈದುಕೊಂಡು ಓಡಾಡಿದೆ. ಗಾಡಿ ಮಾರಿದ ಮೇಲೆ ಒಂದು ಭಾನುವಾರ ರಸೀದಿಗಳನ್ನೆಲ್ಲ ಹರವಿಕೊಂಡು ಕೂತಾಗಲೇ ಗೊತ್ತಾಗಿದ್ದು, ದುಡ್ಡು ಸೋರಿದ್ದು ಬೇರೆ ಕಡೆ.

ನ್ಯೂಜೆರ್ಸಿಯಲ್ಲಿ 2021ರ ಬೇಸಿಗೆಯಲ್ಲಿ ಕೊಂಡಿದ್ದು. ಆರು ವರ್ಷ ಹಳೆಯ ಕ್ಲಾಸ್ ಸಿ (ವ್ಯಾನಿನ ಚಾಸಿಯ ಮೇಲೆ ಕಟ್ಟಿದ, ಮಧ್ಯಮ ಗಾತ್ರದ್ದು), ಫೋರ್ಡ್ ಇ-450 ಚಾಸಿ, 26 ಅಡಿ ಉದ್ದ. ಡ್ರೈವರ್ ತಲೆಯ ಮೇಲೆ ಅಟ್ಟದಂಥ ಹಾಸಿಗೆ, ಹಿಂದೆ ಇನ್ನೊಂದು, ಊಟದ ಮೇಜು ಮಡಿಸಿದರೆ ಮೂರನೆಯದು. ಓಡಿಸಲು ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ಕೊಟ್ಟಿದ್ದು 58,000 ಡಾಲರ್. ಕೋವಿಡ್ ಕಾಲ, ವಿಮಾನ ಹತ್ತಲು ಹೆದರಿದವರೆಲ್ಲ ಆರ್‌ವಿ ಹುಡುಕುತ್ತಿದ್ದರು. ಚೌಕಾಸಿ ಮಾಡೋಣ ಅಂತ ಬಾಯಿ ತೆಗೆದರೆ, ನಿಮ್ಮ ಹಿಂದೆ ಇನ್ನಿಬ್ಬರಿದ್ದಾರೆ ಅಂದರು. ನಾನು ಬಾಯಿ ಮುಚ್ಚಿದೆ.

ಕೊಂಡಿದ್ದಕ್ಕೆ ಕಾರಣ ಅಪ್ಪ ಅಮ್ಮ. ಮರುವರ್ಷ ಹಾಸನದಿಂದ ಆರು ತಿಂಗಳಿಗೆ ಬರುವವರಿದ್ದರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಇಳಿಯಬೇಕು. ಅಮ್ಮ ಹೊರಗೆ ಕಾಫಿ ಬಿಟ್ಟು ಏನೂ ಮುಟ್ಟುವವರಲ್ಲ. ಮನೆಯನ್ನೇ ಹೊತ್ತುಕೊಂಡು ಹೋಗೋದೇ ಸರಿ ಅನ್ನಿಸಿತು.

2022ರ ಜೂನ್ ಕೊನೆಗೆ ಐದು ಜನ ಹೊರಟೆವು. 40 ರಾತ್ರಿ, 7,300 ಮೈಲಿ. ಹೋಗುವಾಗ ಅಯೋವಾ, ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್, ಯೆಲ್ಲೋಸ್ಟೋನ್, ನೆವಾಡಾ ದಾಟಿ ಕ್ಯಾಲಿಫೋರ್ನಿಯಾದ ಅಕ್ಕನ ಮನೆ. ಬರುವಾಗ ನೇರ ಐ-80 ಹೆದ್ದಾರಿ. ನಮ್ಮ ಗ್ರಹಚಾರಕ್ಕೆ ಆ ಜೂನ್‌ನಲ್ಲೇ ದೇಶದ ಸರಾಸರಿ ಪೆಟ್ರೋಲ್ ಬೆಲೆ ಮೊದಲ ಸಲ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಗಾಡಿಯ ಟ್ಯಾಂಕ್ 55 ಗ್ಯಾಲನ್, ಮೈಲೇಜ್ ಎಂಟೂವರೆ ಮೈಲಿ. ಈ ಜಾತಿಯ ಗಾಡಿಗಳದ್ದೆಲ್ಲ ಹೆಚ್ಚೂಕಮ್ಮಿ ಇಷ್ಟೇ. ಅರ್ಧ ತುಂಬುವಷ್ಟರಲ್ಲಿ ಪಂಪ್ ತಾನಾಗೇ ನಿಂತುಬಿಡೋದು, ಕಾರ್ಡಿನ ಮಿತಿ ಮುಗಿಯಿತು ಅಂತ. ಮತ್ತೆ ಉಜ್ಜಬೇಕು. ಅಪ್ಪ ಕಿಟಕಿಯಿಂದ ಮೀಟರ್ ನೋಡಿ ಎಂಬತ್ತರಿಂದ ಗುಣಿಸಿ ರೂಪಾಯಿ ಹೇಳೋರು. ನೆವಾಡಾಕ್ಕೆ ಬರುವ ಹೊತ್ತಿಗೆ ಕಿಟಕಿಯ ಪರದೆ ಎಳೆದುಕೊಂಡರು.

ಆದರೆ ಗಾಡಿ ಓಡಿಸಲು ಕಲಿಸಿದ್ದೂ ಅವರೇ. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದ ಕಣ್ಣು. ವಯೋಮಿಂಗ್‌ನ ಬಿಗ್‌ಹಾರ್ನ್ ಬೆಟ್ಟದಲ್ಲಿ 9,666 ಅಡಿಯ ಪೌಡರ್ ರಿವರ್ ಪಾಸ್ ದಾಟಿ ಇಳಿಯುವಾಗ ನನ್ನ ಕಾಲು ಬ್ರೇಕ್ ಮೇಲೇ ಅಂಟಿಕೊಂಡಿತ್ತು. ಸುಟ್ಟ ವಾಸನೆ ಬಂತು. "ಕಾಲು ತೆಗಿಯೋ. ಹತ್ತಿದ ಗೇರಲ್ಲೇ ಇಳೀಬೇಕು. ಶಿರಾಡಿಯಲ್ಲಿ ಹಿಂಗೆ ಇಳಿದಿದ್ರೆ ನೀನು ಹುಟ್ಟೋಕೆ ಮುಂಚೆನೇ ನನ್ನ ಕಥೆ ಮುಗೀತಿತ್ತು" ಅಂದರು. ಎರಡನೇ ಗೇರಿಗೆ ಹಾಕಿದೆ. ಇಂಜಿನ್ ಅರಚಿಕೊಂಡಿತು, ಗಾಡಿ ಹಿಡಿತಕ್ಕೆ ಬಂತು.

ಅಮ್ಮನಿಗೆ ತಕರಾರು ಇದ್ದಿದ್ದು ಒಂದೇ: ಒಲೆಗೂ ಪಾಯಿಖಾನೆಗೂ ನಾಲ್ಕು ಹೆಜ್ಜೆ. ಮೂರನೇ ದಿನಕ್ಕೆ ಅದೂ ಹೋಯಿತು. ಎತ್ತರದ ಊರುಗಳಲ್ಲಿ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲ್ಲ ಅಂತ ಕುಕ್ಕರ್ ಬಿಟ್ಟು ಬೇರೇನೂ ಇಡಲಿಲ್ಲ. ರಾತ್ರಿ ಚಳಿಗೆ ಮೊಸರು ಹೆಪ್ಪಾಗದಿದ್ದಾಗ ಬಿಸಿನೀರಿನ ಟ್ಯಾಂಕಿನ ಪಕ್ಕದ ಕಪಾಟು ಹುಡುಕಿಕೊಂಡರು. ಬೆಳಿಗ್ಗೆ ಗಟ್ಟಿ ಮೊಸರು! ಆ ಕಪಾಟು ಅಲ್ಲಿಂದ ಅವರದ್ದೇ, ಮೊಸರಿನ ಪಾತ್ರೆ, ಸಾರಿನ ಪುಡಿ, ಇಂಗಿನ ಡಬ್ಬಿ ಎಲ್ಲ ಅಲ್ಲೇ.

ನನ್ನ ಪಾಲಿಗೆ ಬಂದಿದ್ದು ಟ್ಯಾಂಕ್ ಖಾಲಿ ಮಾಡುವ ಕೆಲಸ. ಮೊದಲು ಪಾಯಿಖಾನೆಯ ಬ್ಲ್ಯಾಕ್ ಟ್ಯಾಂಕ್, ಆಮೇಲೆ ಪಾತ್ರೆ ತೊಳೆದ, ಸ್ನಾನದ ಗ್ರೇ ಟ್ಯಾಂಕ್, ಪೈಪು ತೊಳೆದು ಹೋಗಲಿ ಅಂತ. ಒಂದು ಸಲ ವಾಲ್ವ್ ಪೂರ್ತಿ ಮುಚ್ಚಿದೆಯಾ ಅಂತ ನೋಡದೆ ಮುಚ್ಚಳ ತಿರುಗಿಸಿದೆ. ಮುಂದಿನದು ಬೇಡ. ಆ ಚಪ್ಪಲಿ ಸೌತ್ ಡಕೋಟಾದಲ್ಲೇ ಉಳಿಯಿತು.

ಪ್ರವಾಸದ ಖರ್ಚು ಹೀಗೆ: ಪೆಟ್ರೋಲ್ 4,100, ಕ್ಯಾಂಪ್‌ಗ್ರೌಂಡ್ (ರಾತ್ರಿ ಗಾಡಿ ನಿಲ್ಲಿಸುವ ಜಾಗ) 1,960, ದಿನಸಿ 1,140, ಒಂದು ಟೈರ್ ಸಿಡಿದು ಎರಡು ಹಾಕಿಸಿದ್ದಕ್ಕೆ 510, ಪ್ರೊಪೇನ್ ಗ್ಯಾಸ್, ಟೋಲ್, ಪಾರ್ಕ್ ಪಾಸ್ ಸೇರಿ 340. ಒಟ್ಟು 8,050 ಡಾಲರ್, ಅಂದರೆ ಐದು ಜನಕ್ಕೆ ದಿನಕ್ಕೆ ಇನ್ನೂರು. ಆ ಜುಲೈನಲ್ಲಿ ಯೆಲ್ಲೋಸ್ಟೋನ್ ಹತ್ತಿರ ನಾನು ನೋಡಿದ ಹೋಟೆಲಿನ ಒಂದು ರೂಮಿಗೇ ಮುನ್ನೂರು ಹೇಳುತ್ತಿದ್ದರು. ಎಷ್ಟು ಉಳಿಸಿದೆ ಅಂತ ಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಈಗ ಗಾಡಿಯ ಲೆಕ್ಕ. ನಮ್ಮ ಕಾಲೊನಿಯಲ್ಲಿ ಆರ್‌ವಿ ನಿಲ್ಲಿಸಲು ಬಿಡುವುದಿಲ್ಲ, ಬೇರೆ ಕಡೆ ನಿಲ್ಲಿಸಲು ತಿಂಗಳಿಗೆ 110. ಮೂರು ವರ್ಷಕ್ಕೆ 3,960. ವಿಮೆ 3,300. ರಿಪೇರಿ 4,200: ಚಾವಣಿಯ ಸಂದಿಯಲ್ಲಿ ನೀರು ಇಳಿಯಿತು, ಬ್ಯಾಟರಿ ಹೋಯಿತು, ಫ್ರಿಜ್ ಕೈಕೊಟ್ಟಿತು. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ಈ ಪ್ರೊಪೇನ್ ಫ್ರಿಜ್ ಹಾಳಾಗುತ್ತದೆ ಅಂತ ಮಾರಿದವರು ಒಂದು ಮಾತು ಹೇಳಬಹುದಿತ್ತು. ಪ್ರತಿ ನವೆಂಬರ್‌ನಲ್ಲಿ ಕೊಳಾಯಿ ಹೆಪ್ಪುಗಟ್ಟಿ ಒಡೆಯದಿರಲಿ ಅಂತ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುವ ಕೂಲಿಯೂ ಇದರಲ್ಲೇ. 2024ರಲ್ಲಿ ಮಾರಿದ್ದು 39,000ಕ್ಕೆ, 19,000 ಅಲ್ಲೇ ಆವಿ. ಎಲ್ಲ ಸೇರಿ 30,460 ಡಾಲರ್. ದೊಡ್ಡ ಪ್ರವಾಸದ ಆಚೆ ನಾವು ಅದರಲ್ಲಿ ಮಲಗಿದ್ದು 23 ರಾತ್ರಿ. 63 ರಾತ್ರಿಗೆ ಹಂಚಿದರೆ ಒಂದೊಂದಕ್ಕೆ 483 ಡಾಲರ್, ಪೆಟ್ರೋಲ್ ಹಾಕುವ ಮುಂಚೆಯೇ. ಅದೇ 40 ರಾತ್ರಿಗೆ ಬಾಡಿಗೆ ಗಾಡಿ ಮೈಲಿಯ ಚಾರ್ಜೂ ಸೇರಿ 11,200 ಆಗುತ್ತೆ ಅಂತ ಆಗಲೇ ವಿಚಾರಿಸಿದ್ದೆ. ದುಬಾರಿ ಅಂತ ಬಿಟ್ಟಿದ್ದೆ.

ಹಾಗಾಗಿ ಐದು ಅಂಕದಲ್ಲಿ ಪ್ರವಾಸಕ್ಕೆ ನಾಲ್ಕೂವರೆ, ಕೊಂಡ ನನ್ನ ಬುದ್ಧಿಗೆ ಒಂದು. ವರ್ಷಕ್ಕೆ ಎರಡು ತಿಂಗಳಾದರೂ ಅದರಲ್ಲೇ ಇರುವವರಲ್ಲದಿದ್ದರೆ ಬಾಡಿಗೆಗೆ ತಗೊಳ್ಳಿ.

ಕೊಳ್ಳಲು ಬಂದ ದಂಪತಿ ಎಲ್ಲವನ್ನೂ ತಟ್ಟಿ, ತೆರೆದು ನೋಡಿದರು. ಆ ಕಪಾಟು ತೆಗೆದವರೇ ಮೂಗು ಮುಚ್ಚಿಕೊಂಡು ಇದೇನು ವಾಸನೆ ಅಂದರು. ಎರಡು ವರ್ಷ ಆಗಿತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಇಂಗನ್ನು ಇಂಗ್ಲಿಷಲ್ಲಿ ವಿವರಿಸಲು ಹೋಗಿ ಸೋತೆ. 500 ಡಾಲರ್ ಇಳಿಸಿಕೊಂಡರು.