ಓಟಗಾರರಿಗೆ ಭಾರ ಎತ್ತಿಸುವ ಜಿಮ್: ಒಂದು ವಿಮರ್ಶೆ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ, ಔಷಧಿ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿರುವ ಈ ಜಿಮ್, ದೂರ ಓಡುವವರಿಗೆಂದೇ ಬಲ ತರಬೇತಿಯ ಪ್ರತ್ಯೇಕ ಬ್ಯಾಚೊಂದನ್ನು ನಡೆಸುತ್ತಿದೆ. ವಾರಕ್ಕೆ ಎರಡು ದಿನ, ದಿನಕ್ಕೊಂದು ಗಂಟೆ, ಎಂಟು ಜನಕ್ಕೆ ಒಬ್ಬ ತರಬೇತುದಾರರು, ಮೂರು ತಿಂಗಳಿಗೆ 9,000 ರೂಪಾಯಿ ಶುಲ್ಕ. ಹತ್ತು ಕಿಲೊಮೀಟರ್, ಅರ್ಧ ಮ್ಯಾರಥಾನ್ ಎಂದು ಓಡಿಕೊಂಡಿದ್ದು, ಎರಡು ತುದಿಗೂ ತೂಕ ಏರಿಸುವ ಕಬ್ಬಿಣದ ಸರಳಾದ ಬಾರ್ಬೆಲ್‌ನಿಂದ ಮಾತ್ರ ದೂರವೇ ಉಳಿದ ಮಧ್ಯವಯಸ್ಕರ ಗುಂಪಿಗೆ ಸೇರಿದವನು ನಾನು. ಒಂದು ಅವಧಿಯ ಸದಸ್ಯತ್ವ ಮುಗಿಸಿ, ಇನ್ನೊಂದಕ್ಕೆ ಹಣ ಕಟ್ಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂತಹ ಬ್ಯಾಚಿಗೆ ಜನ ಸೇರುವುದು ಅಷ್ಟು ಸುಲಭವಲ್ಲ. 2008ರಲ್ಲಿ ನಗರದಲ್ಲಿ ವರ್ಲ್ಡ್ ಟೆನ್‌ಕೆ ಎಂಬ ಹತ್ತು ಕಿಲೊಮೀಟರ್ ಓಟದ ಸ್ಪರ್ಧೆ ಆರಂಭವಾದ ಮೇಲೆ ನಮ್ಮ ಮಧ್ಯಮ ವರ್ಗದಲ್ಲಿ ಓಟಕ್ಕೆ ದೊಡ್ಡ ಮರ್ಯಾದೆಯೇ ಬಂದಿದೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಬೆವರು ಸುರಿಸುತ್ತಿರುವ ಐವತ್ತರ ಅಧಿಕಾರಿಯನ್ನು ಕಂಡರೆ ಶಿಸ್ತಿನ ಮನುಷ್ಯ ಎನ್ನುತ್ತಾರೆ. ಅದೇ ವ್ಯಕ್ತಿ ಜಿಮ್ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟರೆ, ಈ ವಯಸ್ಸಿನಲ್ಲಿ ಇದೆಂಥ ಶೋಕಿ ಎಂದು ಮನೆಯವರೇ ಕೇಳುತ್ತಾರೆ. ಓಟವೆಂದರೆ ಆರೋಗ್ಯ, ಭಾರ ಎತ್ತುವುದೆಂದರೆ ಕನ್ನಡಿಯ ಮುಂದಿನ ಒಣ ಜಂಬ ಎಂಬ ಲೆಕ್ಕ ನಮ್ಮಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದುಕೊಂಡಿದೆ.

ಹಾಗೆಂದು ಬಲಸಾಧನೆ ಈ ನೆಲಕ್ಕೆ ಹೊಸದಲ್ಲ. ಮೈಸೂರಿನ ಗರಡಿಮನೆಗಳ ಕೆಮ್ಮಣ್ಣಿನ ಮಟ್ಟಿ, ಗದೆ, ದಂಡ, ಬಸ್ಕಿ, ದಸರೆಯ ಕುಸ್ತಿ, ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳೇ. ಆದರೆ ಪೈಲ್ವಾನನ ಬಾಳು ಹಾಲು, ತುಪ್ಪ, ಬಾದಾಮಿಯ ಖರ್ಚನ್ನೂ ಕಟ್ಟುನಿಟ್ಟಾದ ವ್ರತವನ್ನೂ ಬೇಡುತ್ತಿತ್ತಾದ್ದರಿಂದ, ಗುಮಾಸ್ತರ ಮತ್ತು ಮೇಷ್ಟರ ಮನೆಗಳು ಅದನ್ನು ದೂರದಿಂದ ಮೆಚ್ಚಿದವೇ ಹೊರತು ತಮ್ಮ ಮಕ್ಕಳನ್ನು ಮಟ್ಟಿಗೆ ಇಳಿಸಿದ್ದು ಕಡಿಮೆ. ಈ ಅಂತರವನ್ನು ತಗ್ಗಿಸಲು ಹೊರಟವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಮುಖ್ಯರು. ಕಾದಂಬರಿಕಾರರೂ ಆಗಿದ್ದ ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್ಬೆಲ್ ಮತ್ತು ಸೂರ್ಯನಮಸ್ಕಾರ ಎರಡನ್ನೂ ಕಲಿಸಿದರಲ್ಲದೆ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಅವರ ಊರಿನಲ್ಲೇ ಇಂದು ವಿದ್ಯಾವಂತರು ಬಾರ್ಬೆಲ್ ಕಂಡರೆ ಮುಖ ಸಿಂಡರಿಸುತ್ತಾರೆಂಬುದು ನನಗೆ ಸೋಜಿಗವೆನಿಸುತ್ತದೆ.

ಈ ಹಿಂಜರಿಕೆಯನ್ನು ಅಣಕಿಸದೆ ನಿಭಾಯಿಸುವುದರಲ್ಲಿ ಮುಖ್ಯ ತರಬೇತುದಾರರು ಪಳಗಿದ್ದಾರೆ. ಓಟಗಾರರು ಬಾರ್ಬೆಲ್ ಇಡುವ ರ‍್ಯಾಕ್‌ಗಳಿರುವ ಗೋಡೆಗೆ ಬೇಕೆಂದೇ ಕನ್ನಡಿ ಹಾಕಿಸಿಲ್ಲ. ಮೊದಲ ವಾರಗಳಲ್ಲಿ ಬರೀ ಮರದ ಕೋಲು ಹಿಡಿದು ಸ್ಕ್ವಾಟ್, ಅಂದರೆ ಬಸ್ಕಿಯಂತೆ ಕೂತೇಳುವ ವ್ಯಾಯಾಮ, ಮಾಡಿಸುತ್ತಾರೆ. ಹಿಮ್ಮಡಿ ಮೇಲೇಳುವವರಿಗೆ ಅದರ ಕೆಳಗೆ ತೆಳುವಾದ ಪ್ಲೇಟ್ ಇಟ್ಟು, ಮೊಣಕಾಲು ಒಳಕ್ಕೆ ವಾಲಿದರೆ ಬೆರಳಿನಿಂದ ಮುಟ್ಟಿ ತೋರಿಸಿ, ನಡೆ ಸರಿಹೋಗುವವರೆಗೆ ಕಬ್ಬಿಣ ಕೊಡುವುದಿಲ್ಲ. ಒಮ್ಮೆ ಬ್ಯಾಚಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು, ‘ಮೈ ಊದಿಕೊಂಡರೆ ಓಟ ನಿಧಾನ ಆಗಲ್ವೇ?’ ಎಂದು ಕೇಳಿದಾಗ, ಅವರು ಜಿಮ್‌ನ ಮತ್ತೊಂದು ಬದಿಗೆ ಕೈ ತೋರಿಸಿ, ‘ವಾರಕ್ಕೆ ಎರಡು ದಿನಕ್ಕೇ ಮೈ ಬರೋ ಹಾಗಿದ್ರೆ, ದಿನಾ ಎತ್ತುವ ಆ ಹುಡುಗರು ಇನ್ನೂ ಯಾಕೆ ಸಾರ್ ಒದ್ದಾಡ್ತಿದ್ದಾರೆ?’ ಎಂದರು. ಹುಡುಗರೂ ನಕ್ಕರು.

ಉತ್ತರದಲ್ಲಿ ಹುರುಳಿದೆ. ತರಬೇತಿಯ ಮೊದಲ ತಿಂಗಳುಗಳಲ್ಲಿ ಹೆಚ್ಚುವ ಬಲದ ಬಹುಪಾಲು ಸ್ನಾಯು ದಪ್ಪವಾಗುವುದರಿಂದ ಬರುವುದಲ್ಲ. ಇರುವ ಸ್ನಾಯುವನ್ನೇ ನರಮಂಡಲ ಹೆಚ್ಚು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ ಬರುತ್ತದೆ. ಮೀನಖಂಡ ಮತ್ತು ತೊಡೆ ಗಟ್ಟಿಯಾದಂತೆ ಅದೇ ವೇಗದ ಓಟಕ್ಕೆ ಬೇಕಾಗುವ ಆಮ್ಲಜನಕವೂ ತುಸು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ತೀವ್ರತೆಯ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮ ಓಟಗಾರರು ಮೊದಲರ್ಧವನ್ನು ಓದಿ, ಉಳಿದರ್ಧವನ್ನು ಬಿಟ್ಟವರು.

ಜಿಮ್‌ನ ಇನ್ನೊಂದು ಬದಿಯ ಪೂರ್ವಗ್ರಹವೂ ಕಡಿಮೆಯದೇನಲ್ಲ. ಟ್ರೆಡ್‌ಮಿಲ್ ಹತ್ತಿದರೆ ಮಸಲ್ ಕರಗಿಹೋಗುತ್ತದೆ ಎಂದು ಅಲ್ಲಿನ ಯುವಕರು ದೃಢವಾಗಿ ನಂಬಿದ್ದಾರೆ. ಅದಕ್ಕೆ ದೂರದ ಆಧಾರವೊಂದು ಇದೆ: 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಹತ್ತು ವಾರಗಳ ಪ್ರಯೋಗದಲ್ಲಿ, ಎರಡನ್ನೂ ಕಠಿಣವಾಗಿ ಒಟ್ಟಿಗೆ ಮಾಡಿದವರ ಬಲ ಕೊನೆಯ ವಾರಗಳಲ್ಲಿ ಇಳಿಮುಖವಾಯಿತು. ಆದರೆ ಅವರು ವಾರವಿಡೀ ಎರಡು ಬಗೆಯ ಶ್ರಮದಲ್ಲೂ ಮೈ ಮುರಿದುಕೊಂಡವರು. ಅದೇ ಪ್ರಯೋಗದಲ್ಲಿ ಅವರ ಓಟದ ಸಾಮರ್ಥ್ಯಕ್ಕೆ ಧಕ್ಕೆಯೇನೂ ಆಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಇದೇ ಜಿಮ್‌ಗೆ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಾಗುವ ಹುಡುಗರೂ ಬರುತ್ತಾರೆ. ಆ ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ಓಟವೂ ಇದೆ, ಗುಂಡು ಎಸೆತವೂ ಇದೆ. ಹಾಗಾಗಿ ಎರಡು ಪಂಗಡಗಳ ಈ ಜಗಳದ ಗೋಜಿಗೆ ಹೋಗದೆ ತಮ್ಮ ಪಾಡಿಗೆ ತಾವು ಎರಡನ್ನೂ ಮಾಡುತ್ತಿರುವವರು ಅವರೊಬ್ಬರೇ.

ಕೊರತೆಗಳಲ್ಲಿ ಮೊದಲನೆಯದು ಮಹಿಳೆಯರ ವಿಷಯದ್ದು. ಮುಖ್ಯ ತರಬೇತುದಾರರು ರಜೆಯಿದ್ದ ದಿನ ಬರುವ ಸಹಾಯಕರು, ಯಾರ ದಾಖಲೆ ಪುಸ್ತಕವನ್ನೂ ತೆರೆದು ನೋಡದೆ, ಹೆಂಗಸರ ಕೈಗೆ ಎರಡು ಕಿಲೋದ ಬಣ್ಣದ ಡಂಬೆಲ್ ಕೊಟ್ಟು ಇಪ್ಪತ್ತೈದು ಸಲ ಎತ್ತಿ ಎನ್ನುತ್ತಾರೆ. ಹಿಂದಿನ ವಾರವಷ್ಟೇ 40 ಕಿಲೋ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವುದು) ಮಾಡಿದ್ದ ನಮ್ಮ ಬ್ಯಾಚಿನ ಅಧ್ಯಾಪಕಿಯೊಬ್ಬರು ಆ ಡಂಬೆಲ್‌ಗಳನ್ನು ಒಯ್ದು ಸ್ಟ್ಯಾಂಡಿನಲ್ಲಿಟ್ಟು, ತಾವೇ ಪ್ಲೇಟ್ ತಂದು ಬಾರ್ಬೆಲ್‌ಗೆ ಹಾಕಿಕೊಂಡರು. ಭಾರ ಎತ್ತಿದರೆ ಮೈ ಗಂಡಸರದ್ದಾಗುತ್ತದೆ ಎಂಬ ಭಯ ಮನೆಗಳಲ್ಲಿರುವುದು ಸಹಜ. ಶುಲ್ಕ ತೆಗೆದುಕೊಂಡು ಕಲಿಸುವವರಲ್ಲೂ ಅದೇ ಇದ್ದರೆ ಹೇಗೆ? ಮೂಳೆಯ ಸಾಂದ್ರತೆ ವೇಗವಾಗಿ ಕುಸಿಯುವುದು ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ. ನಿಜವಾದ ಭಾರ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಆ ವಯಸ್ಸಿನವರಿಗೇ. ಇಡೀ ಜಿಮ್‌ನಲ್ಲಿ 15 ಕಿಲೋದ ಬಾರ್ ಒಂದೇ ಇದ್ದು, ಉಳಿದವೆಲ್ಲ 20 ಕಿಲೋದವಾಗಿರುವುದೂ ಇದೇ ಉದಾಸೀನದ ಭಾಗ.

ಪ್ರೋಟೀನ್ ಪುಡಿಯ ಮಾರಾಟ ಕಿರಿಕಿರಿ ತರುತ್ತದೆ. ಸಸ್ಯಾಹಾರಿ ಓಟಗಾರರ ಊಟದಲ್ಲಿ ಪ್ರೋಟೀನ್ ಕಡಿಮೆ ಬೀಳುವುದುಂಟು, ನಿಜ. ಆದರೆ ಮೊಳಕೆ ಕಾಳು, ಮೊಸರು, ಪನೀರ್, ಸೋಯಾ ಎಂದು ಮೊದಲು ಹೇಳಿ ಆಮೇಲೆ ಡಬ್ಬಿಯ ಮಾತೆತ್ತಬಹುದಿತ್ತು. ಕೌಂಟರಿನಲ್ಲಿ ಕೂರುವವರು ಶುರುಮಾಡುವುದೇ ಡಬ್ಬಿಯಿಂದ. ಶೌಚಾಲಯ ಸ್ವಚ್ಛವಾಗಿದೆ, ಗಾಳಿ ಬೆಳಕಿಗೆ ಕೊರತೆಯಿಲ್ಲ, ಗಾಡಿ ನಿಲ್ಲಿಸಲು ಮಾತ್ರ ಜಾಗವಿಲ್ಲ.

ಓಟದ ವೇಗ ಹೆಚ್ಚಿತೇ ಎಂದು ಕೇಳುವವರಿಗೆ ನನ್ನ ಉತ್ತರ ಎಚ್ಚರಿಕೆಯದ್ದು: ಗಡಿಯಾರದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಿಲ್ಲ, ಆದರೆ ಉದ್ದದ ಓಟದ ಕೊನೆಯ ಭಾಗದಲ್ಲಿ ಸೊಂಟ ಕುಸಿದು ಹೆಜ್ಜೆ ಎಳೆಯುವುದು ನಿಂತಿದೆ, ಇಳಿಜಾರಿನಲ್ಲಿ ತೊಡೆ ನಡುಗುವುದೂ ಕಡಿಮೆಯಾಗಿದೆ. ಕೊಟ್ಟ ಹಣಕ್ಕೆ ಇದು ಸಾಕು. ನಲವತ್ತು ದಾಟಿದ, ಓಟವೊಂದನ್ನೇ ನಂಬಿಕೊಂಡಿರುವ ಯಾರಿಗಾದರೂ ಈ ಬ್ಯಾಚನ್ನು ಧೈರ್ಯವಾಗಿ ಹೇಳಬಲ್ಲೆ. ಮೊಣಕಾಲು ಅಥವಾ ಬೆನ್ನಿನ ನೋವು ಈಗಾಗಲೇ ಇರುವವರು ಮೊದಲು ಫಿಸಿಯೋಥೆರಪಿಸ್ಟರಿಗೆ ತೋರಿಸಿಕೊಳ್ಳಲಿ, ಏಕೆಂದರೆ ಅಂತಹ ತಪಾಸಣೆ ಇಲ್ಲಿಲ್ಲ. ಸೇರುವಾಗ ಮುಖ್ಯ ತರಬೇತುದಾರರು ಖುದ್ದಾಗಿ ಇರುವ ಮಂಗಳವಾರ ಮತ್ತು ಗುರುವಾರದ ಸರದಿಯನ್ನೇ ಕೇಳಿ ಪಡೆಯಬೇಕು. ಬುಧವಾರ ಮತ್ತು ಶನಿವಾರದ ಸರದಿ ಸಿಕ್ಕರೆ, ಶನಿವಾರದ ಸ್ಕ್ವಾಟ್ ಭಾನುವಾರದ ಉದ್ದ ಓಟದಲ್ಲಿ ತೊಡೆ ಹಿಡಿಸಿಬಿಡುತ್ತದೆ.